ವೆಲಿಟಾ ಟೀಚರಿಗೆ ಹೊದಿಸಿದ ಶಾಲು

ನಮ್ಮ ಕರಾವಳಿಯವರು ನಾಲ್ಕು ಜನ ದುಬೈಯಲ್ಲಿ ಒಟ್ಟು ಸೇರಿದರೆ ಅಲ್ಲೊಂದು ಸಂಘ ಹುಟ್ಟುತ್ತದೆ. ಸಂಘ ಹುಟ್ಟಿದ ಮೇಲೆ ಯಾರಿಗಾದರೂ ಸನ್ಮಾನ ಮಾಡದೆ ಅದಕ್ಕೆ ನಿದ್ದೆ ಹತ್ತುವುದಿಲ್ಲ. ಮಗನಿಗೆ ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಬಂದರೆ ಸನ್ಮಾನ, ಅಪ್ಪ ಎರಡನೇ ಅಂಗಡಿ ತೆರೆದರೆ ಸನ್ಮಾನ, ಅಜ್ಜ ಎಲ್ಲ ಮುಗಿಸಿ ಊರಿಗೆ ಖಾಯಂ ಹೊರಟರೆ ಅದಕ್ಕೂ ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ, ಗಾಜಿನ ನೆನಪಿನ ಕಾಣಿಕೆ, ಇವುಗಳಲ್ಲಿ ಒಂದು ಕಡಿಮೆಯಾದರೂ ಮರುದಿನ ವಾಟ್ಸಾಪಿನಲ್ಲಿ ಮಾತು ಬರುತ್ತದೆ. ನಾನು ಇದನ್ನು ಗೇಲಿ ಮಾಡುತ್ತಿಲ್ಲ, ಅಥವಾ ಸ್ವಲ್ಪವೇ ಮಾಡುತ್ತಿದ್ದೇನೆ. ಯಾರೂ ಯಾರನ್ನೂ ಕಣ್ಣೆತ್ತಿ ನೋಡದ ಊರಿನಲ್ಲಿ 'ನಿನ್ನನ್ನು ನಾವು ನೋಡಿದ್ದೇವೆ' ಎಂದು ಹೇಳಲು ಈ ಜನಕ್ಕೆ ಗೊತ್ತಿರುವ ದಾರಿ ಇದೊಂದೇ. ಆದರೆ ವೆಲಿಟಾ ಕ್ರಾಸ್ತಾಳಿಗೆ ಹೊದಿಸಿದ ಶಾಲು ಅವಳನ್ನು ಹಾಸಿಗೆಯಲ್ಲೂ ಬಿಡಲಿಲ್ಲ, ಕೆಲಸದಲ್ಲೂ ಬಿಡಲಿಲ್ಲ.

ವೆಲಿಟಾ ಮಂಗಳೂರಿನ ಕುಲಶೇಖರದ ಹುಡುಗಿ. ಚರ್ಚಿನ ಪಕ್ಕದ ಮೈದಾನದಲ್ಲಿ ಅಣ್ಣಂದಿರ ಜೊತೆ ಆಡಿ ಬ್ಯಾಸ್ಕೆಟ್‌ಬಾಲ್ ಕಲಿತವಳು. ಕಾಲೇಜಿಗೆ ಆಡಿದಳು, ವಿಶ್ವವಿದ್ಯಾಲಯಕ್ಕೆ ಆಡಿದಳು, ರಾಜ್ಯ ತಂಡದ ಶಿಬಿರದವರೆಗೂ ಹೋಗಿ ಮೊಣಕಾಲು ಕೈಕೊಟ್ಟದ್ದರಿಂದ ಮನೆಗೆ ಬಂದಳು. ದೈಹಿಕ ಶಿಕ್ಷಣದ ಪದವಿ ಮುಗಿಸಿ ಕ್ಲೈವ್‌ನನ್ನು ಮದುವೆಯಾಗಿ ದುಬೈಗೆ ಬಂದಳು. ಕ್ಲೈವ್ ಇಲ್ಲಿನ ಹೋಟೆಲೊಂದರಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಕಡಿಮೆ ಮಾತಿನ, ಮಾತಾಡಿದರೆ ಬೇಡದ ಕಡೆ ಮಾತಾಡುವ ಮನುಷ್ಯ. ಅಲ್ ಕುಸೈಸ್‌ನ ಎರಡು ಕೋಣೆಯ ಫ್ಲಾಟಿನಲ್ಲಿ ಇಬ್ಬರೂ ಹೊಂದಿಕೊಂಡರು. ವೆಲಿಟಾ ಮೊದಲು ಶಾಲೆಯಲ್ಲಿ ಪಿ.ಟಿ. ಟೀಚರ್ ಆದಳು, ಆಮೇಲೆ ಹತ್ತಿರದ ಒಂದು ಸಣ್ಣ ಭಾರತೀಯ ಕಾಲೇಜಿನಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್. ಆ ಕಾಲೇಜಿನ ಒಳಾಂಗಣದಲ್ಲಿ ಎ.ಸಿ.ಯ ನೀರು ಸರಿಯಾಗಿ ಚೆಂಡು ಹಾಕುವ ಬುಟ್ಟಿಯ ಕೆಳಗೇ ತೊಟ್ಟಿಕ್ಕುತ್ತಿತ್ತು. ಹುಡುಗಿಯರು ಜಾರಿ ಬೀಳಬಾರದೆಂದು ಆಟದ ಮೊದಲೂ ಮಧ್ಯದಲ್ಲೂ ಅವಳೇ ಉದ್ದ ಕೋಲಿನ ಮಾಪ್ ಹಿಡಿದು ನೆಲ ಒರೆಸುತ್ತಿದ್ದಳು. ಆಗ ಅದರಲ್ಲಿ ಅವಳಿಗೆ ಯಾವ ಸಂಕೋಚವೂ ಇರಲಿಲ್ಲ.

ಹುಡುಗಿಯರ ತಂಡ ಕಟ್ಟುವುದೆಂದರೆ ಅರ್ಧ ಕೆಲಸ ಮೈದಾನದಲ್ಲಿ, ಉಳಿದರ್ಧ ಅವರವರ ಮನೆಯ ಸೋಫಾದ ಮೇಲೆ. ಒಬ್ಬಳ ಅಮ್ಮನಿಗೆ ಬಿಸಿಲಿಗೆ ಮಗಳು ಕಪ್ಪಾಗುತ್ತಾಳೆಂಬ ಚಿಂತೆ, ಇನ್ನೊಬ್ಬಳ ಅಪ್ಪನಿಗೆ ಪರೀಕ್ಷೆಯ ಚಿಂತೆ. ವೆಲಿಟಾ ಎಲ್ಲರ ಮನೆಗೂ ಹೋಗಿ, ಕೊಟ್ಟ ಚಹಾ ಕುಡಿದು, ಒಪ್ಪಿಸಿ ಬರುತ್ತಿದ್ದಳು. ನಾಫಿಯಾಳ ಅಪ್ಪ ಅಲಿಕುಂಞಿ ಹಾಜಿ ಮಾತ್ರ ತಾವೇ ಕಾಲೇಜಿಗೆ ಬಂದರು. ಉಳ್ಳಾಲ ಕಡೆಯ ಬ್ಯಾರಿಗಳು, ದುಬೈಯ ಹಳೆಪೇಟೆ ನೈಫ್‌ನ ಗಲ್ಲಿಯೊಂದರಲ್ಲಿ ಬಹುಕಾಲದಿಂದ ಬಟ್ಟೆ ಅಂಗಡಿ. ಒಂದು ವಾರ ದಿನವೂ ಬಂದು ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಒಂದು ಮಾತಾಡದೆ ಅಭ್ಯಾಸ ನೋಡಿದರು. ಕೊನೆಗೆ ಎದ್ದು ಬಂದರು.

"ಟೀಚರ್, ನಂಗೆ ಈ ಆಟದ್ದು ಎಂತದೂ ಗೊತ್ತಾಗುದಿಲ್ಲ. ಮಗಳು ಆಡುದು ಬೇಡ ಅಂತ ನಾನು ಹೇಳುದಿಲ್ಲ. ಆದ್ರೆ ಯಾರ್ಯಾರದ್ದೋ ಕಾರಲ್ಲಿ ಕೂತು ಮ್ಯಾಚ್ ಮ್ಯಾಚ್ ಅಂತ ತಿರುಗುದು ನಂಗೆ ಆಗುದಿಲ್ಲ. ನೀವೇ ಮನೆಯಿಂದ ಕರ್ಕೊಂಡು ಹೋಗಿ ನೀವೇ ತಂದು ಬಿಡುದಾದ್ರೆ ಆಡ್ಲಿ. ನೀವು ಇದ್ರೆ ಉಂಟು, ನೀವು ಇಲ್ದಿದ್ರೆ ಇಲ್ಲ."

"ಆಯ್ತು ಹಾಜಿಯವರೇ. ನಾನೇ ಬರ್ತೇನೆ," ಎಂದಳು ವೆಲಿಟಾ.

ಎರಡು ವರ್ಷ ಅವಳು ಹಾಗೆಯೇ ಮಾಡಿದಳು. ನೈಫ್‌ನ ಆ ಇಕ್ಕಟ್ಟಿನಲ್ಲಿ, ಕೈಗಾಡಿಗಳ ಮಧ್ಯೆ, ತನ್ನ ಹಳೆಯ ಕಾರನ್ನು ತೂರಿಸಿ ನಿಲ್ಲಿಸುತ್ತಿದ್ದಳು. ಉದ್ದ ತೋಳಿನ ಜರ್ಸಿ, ತಲೆಗೆ ಬಿಗಿಯಾಗಿ ಕಟ್ಟಿದ ಸ್ಕಾರ್ಫ್ ತೊಟ್ಟ ನಾಫಿಯಾ ಮೆಟ್ಟಿಲಿಳಿದು ಓಡಿ ಬರುತ್ತಿದ್ದಳು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಅದರಲ್ಲಿ ಅವಳ ತಾಯಿ ಆಮಿನ ಕೋಚಿಗೆಂದು ಕಟ್ಟಿಕೊಡುತ್ತಿದ್ದ ಪತ್ತಿರ್, ತೆಳು ಅಕ್ಕಿರೊಟ್ಟಿ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ನಮ್ಮ ಕಡೆ ಯಾವ ಮನೆಯಲ್ಲೂ ಇಲ್ಲ. ವೆಲಿಟಾ ಒಮ್ಮೆ ಕರ್ಜಿಕಾಯಿಯಂಥ ನೆವ್ರಿ, ಒಮ್ಮೆ ಬಾಳೆಹಣ್ಣಿನ ಹಲ್ವ, ಏನೂ ಆಗದ ದಿನ ನಾಲ್ಕು ಖರ್ಜೂರವನ್ನಾದರೂ ಹಾಕಿ ಅದೇ ಡಬ್ಬಿಯನ್ನು ಕಳಿಸುತ್ತಿದ್ದಳು. ನಾಫಿಯಾ ಚೆಂಡು ಹಿಡಿದರೆ ಉಳಿದ ನಾಲ್ವರೂ ಅವಳ ಕಣ್ಣು ನೋಡಿ ಓಡುತ್ತಿದ್ದರು. ಆಟವನ್ನು ಕಟ್ಟುವವಳೇ ಅವಳು. ಅವಳಿಲ್ಲದಿದ್ದರೆ ಅದು ತಂಡವಲ್ಲ, ಐದು ಜನರ ಓಡಾಟ ಅಷ್ಟೆ.

ಮೂರನೇ ವರ್ಷ ಆ ತಂಡ ಅಂತರ ಕಾಲೇಜು ಪಂದ್ಯಾವಳಿಯ ಸೆಮಿಫೈನಲಿಗೆ ಬಂತು. ಅಲ್ಲಿಯವರೆಗೆ ಆ ಕಾಲೇಜಿನ ಹೆಸರನ್ನು ಕೇಳಿದವರೇ ಇರಲಿಲ್ಲ. ಅದೇ ಹೊತ್ತಿಗೆ ಅಬುಧಾಬಿಯ ಒಂದು ಕ್ಲಬ್ಬು ಸಂಬಳ ಕೊಟ್ಟು ಆಡಿಸುವ ಹೆಂಗಸರ ತಂಡ ಕಟ್ಟಲು ಹೊರಟಿತ್ತು. ಅದರ ಕೋಚ್ ಡ್ರಾಗಾನಾ, ಸೆರ್ಬಿಯಾದ ಎತ್ತರದ ಹೆಂಗಸು, ಒಂದು ಪಂದ್ಯ ನೋಡಲು ಬಂದಿದ್ದಳು. "ನಿನ್ನ ಹುಡುಗಿಯರು ಒಬ್ಬರನ್ನೊಬ್ಬರು ನಂಬಿ ಆಡುತ್ತಾರೆ. ಇದನ್ನು ಹೇಗೆ ಕಲಿಸಿದೆ?" ಎಂದು ಕೇಳಿದಳು. ವೆಲಿಟಾ ನಕ್ಕಳು. ಮರುವಾರ ಫೋನ್ ಬಂತು: ಸಹಾಯಕ ಕೋಚ್ ಆಗಿ ಬರುತ್ತೀಯಾ? ಬರುವುದಾದರೆ ತಕ್ಷಣ ಬರಬೇಕು.

ಪ್ರೊಫೆಷನಲ್ ತಂಡ! ರಾಜ್ಯದ ಶಿಬಿರದಿಂದ ಮೊಣಕಾಲು ಹಿಡಿದುಕೊಂಡು ಬಸ್ಸು ಹತ್ತಿದ ದಿನದಿಂದ ವೆಲಿಟಾಳ ಎದೆಯ ಮೂಲೆಯಲ್ಲಿ ಒಂದು ಆಸೆ ಮುದುಡಿ ಕೂತಿತ್ತು. ಅದು ಈಗ ಎದ್ದು ಕುಣಿಯಿತು. ಅವಳು ಒಪ್ಪಿದಳು. ಒಪ್ಪಿದ್ದು ತಪ್ಪಲ್ಲ, ಯಾರಾದರೂ ಒಪ್ಪುತ್ತಿದ್ದರು. ಹುಡುಗಿಯರಿಗೆ ಹೇಳದೆ ಇದ್ದದ್ದು ತಪ್ಪು. ಇವತ್ತು ಬೇಡ, ಅಭ್ಯಾಸ ಕೆಡುತ್ತದೆ, ನಾಳೆ ಬೇಡ, ತಂಡದ ಜಸೀನಾಳಿಗೆ ಜ್ವರ, ನಾಡಿದ್ದು ಹೇಳೋಣ. ಹೀಗೆ ದಿನ ತಳ್ಳಿದಳು. ಹೇಳಬೇಕಾದವಳು ಬಾಯಿಗೆ ಬೀಗ ಹಾಕಿಕೊಂಡಳು, ಹೇಳಬಾರದವನು ಹೇಳಿಬಿಟ್ಟ. ಪೂಜೆ ಮುಗಿಸಿ ಚರ್ಚಿನ ಹೊರಗೆ ಚಹಾ ಕುಡಿಯುತ್ತಾ ಕ್ಲೈವ್ ಸಂಘದ ಕಾರ್ಯದರ್ಶಿ ಲಿಯೊನೆಲ್‌ನ ಕಿವಿಯಲ್ಲಿ ಸುದ್ದಿ ಹಾಕಿದ.

ಲಿಯೊನೆಲ್ ಕೈಗೆ ಸುದ್ದಿ ಸಿಕ್ಕರೆ ಅದು ಪೋಸ್ಟರ್ ಆಗದೆ ಇರುವುದಿಲ್ಲ. ಸಂಜೆಯೊಳಗೆ ವೆಲಿಟಾಳ ಹಳೆಯ ಫೋಟೋ, ಹಿಂದೆ ಎತ್ತರದ ಕಟ್ಟಡಗಳು, ಮೇಲೆ ಬಂಗಾರದ ಅಕ್ಷರಗಳು: 'ಅಬುಧಾಬಿಯ ಪ್ರೊಫೆಷನಲ್ ಬ್ಯಾಸ್ಕೆಟ್‌ಬಾಲ್ ತಂಡದ ಮುಖ್ಯ ಕೋಚ್, ನಮ್ಮ ಹೆಮ್ಮೆಯ ವೆಲಿಟಾ ಕ್ರಾಸ್ತಾ ಅವರಿಗೆ ಸನ್ಮಾನ.' ಪೋಸ್ಟರ್ ಮಂಗಳೂರಿಗೂ ಹೋಗಿ ಅಲ್ಲಿಂದ ವಾಪಸು ಬಂತು. ವೆಲಿಟಾ ಗಾಬರಿಯಿಂದ ಫೋನ್ ಮಾಡಿದಳು. ಇಬ್ಬರೂ ಕೊಂಕಣಿಯಲ್ಲೇ ಮಾತಾಡಿದರು.

"ಲಿಯೊನೆಲ್ ಅಂಕಲ್, ನಾನು ಮುಖ್ಯ ಕೋಚ್ ಅಲ್ಲ. ಸಹಾಯಕ ಅಷ್ಟೆ."

"ಗೊತ್ತುಂಟು ಬಾಯೆ. ಸಹಾಯಕ ಅಂತ ಹಾಕಿದ್ರೆ ಪೋಸ್ಟರಿಗೆ ಒಂದು ಗತ್ತು ಇರುದಿಲ್ಲ. ಇವತ್ತು ಸಹಾಯಕ, ನಾಳೆ ಮುಖ್ಯ. ನಾವು ಸುಳ್ಳು ಹೇಳಿದ್ದಲ್ಲ, ಸ್ವಲ್ಪ ಬೇಗ ಹೇಳಿದ್ದು."

ಅವಳು ನಕ್ಕಳು. ಆ ನಗುವನ್ನು ಲಿಯೊನೆಲ್ ಒಪ್ಪಿಗೆ ಎಂದು ತಿಳಿದುಕೊಂಡ. ನಿಜ ಹೇಳಬೇಕೆಂದರೆ ಅದು ಒಪ್ಪಿಗೆಯೇ ಆಗಿತ್ತು. ಬಂಗಾರದ ಅಕ್ಷರಗಳಲ್ಲಿ ತನ್ನ ಹೆಸರನ್ನು ಅವಳು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದ್ದಳು.

ಹುಡುಗಿಯರಿಗೆ ಕೋಚ್ ಹೋಗುವ ವಿಷಯ ತಿಳಿದದ್ದು ಆ ಪೋಸ್ಟರಿನಿಂದಲೇ. ತಂಡದ ಗ್ರೂಪಿನಲ್ಲಿ ಜಸೀನಾ 'ಕಂಗ್ರಾಟ್ಸ್ ಕೋಚ್' ಎಂದು ಹಾಕಿದಳು. ಬೇರೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಮರುದಿನ ಕಾರಿನಲ್ಲಿ ನಾಫಿಯಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

"ಯು ಕುಡ್ ಹ್ಯಾವ್ ಟೋಲ್ಡ್ ಅಸ್, ಕೋಚ್."

"ಹೇಳ್ಬೇಕಂತಲೇ ಇದ್ದೆ. ಸೆಮಿಫೈನಲಿಗೆ ನಾನು ಬಂದೇ ಬರ್ತೇನೆ. ನಿನ್ನನ್ನು ಮನೆಯಿಂದ ನಾನೇ ಕರ್ಕೊಂಡು ಹೋಗ್ತೇನೆ. ಅಬುಧಾಬಿ ಎಂತ ದೂರವಾ ಮಾರಾಯ್ತಿ?"

"ಪ್ರಾಮಿಸ್?"

"ಪ್ರಾಮಿಸ್."

ಶನಿವಾರ ಅಲ್ ಕುಸೈಸ್‌ನ ಶಾಲೆಯೊಂದರ ಸಭಾಂಗಣದಲ್ಲಿ ಸನ್ಮಾನ ನಡೆಯಿತು. ಹಣ್ಣಿನ ಬುಟ್ಟಿ ಅಲಿಕುಂಞಿ ಹಾಜಿಯವರ ಕೊಡುಗೆ. ಶಾಲು ಕೂಡ ಅವರ ಅಂಗಡಿಯದೇ. ಕಟ್ಟುಗಟ್ಟಲೆ ಇದ್ದದ್ದರಲ್ಲಿ ಕೈಯಾರೆ ಆರಿಸಿ ತಂದ ಕೆನೆಬಣ್ಣದ ಶಾಲು. ಹೊದಿಸಲೂ ಅವರನ್ನೇ ವೇದಿಕೆಗೆ ಕರೆದರು. ಅವರು ಅಂಚನ್ನು ಸರಿಯಾಗಿ ಹಿಡಿದು, ಅವಳಿಗೆ ಕೈ ತಾಗದ ಹಾಗೆ ಹೆಗಲ ಮೇಲೆ ಇಳಿಸಿ, ಮೈಕಿನ ಮುಂದೆ ನಿಂತರು.

"ನಂಗೆ ಮಾತಾಡ್ಲಿಕ್ಕೆ ಬರುದಿಲ್ಲ. ಒಂದೇ ಹೇಳ್ತೇನೆ. ಮಗಳನ್ನು ಈ ಟೀಚರ ಕೈಯಲ್ಲಿ ಕೊಟ್ಟ ಮೇಲೆ ನಾನು ಮನೆಯಲ್ಲಿ ಕೂತು ಗಡಿಯಾರ ನೋಡಿದ್ದಿಲ್ಲ." ಆಮೇಲೆ ಅವಳ ಕಡೆ ತಿರುಗಿದರು. "ಮುಂದಿನ ವಾರ ಭಾನುವಾರ ಸೆಮಿಫೈನಲ್ ಉಂಟಲ್ವಾ ಟೀಚರ್? ನೀವು ಬರ್ತೀರಲ್ವಾ?"

ವೆಲಿಟಾ ಪೇಟ ತೊಟ್ಟ ತಲೆಯನ್ನು ಆಡಿಸಿದಳು. ಸಭೆ ಚಪ್ಪಾಳೆ ತಟ್ಟಿತು.

ಸೋಮವಾರ ಅವಳು ಅಬುಧಾಬಿಯಲ್ಲಿ ಕೆಲಸಕ್ಕೆ ಸೇರಿದಳು. ಸೆಮಿಫೈನಲಿನ ಭಾನುವಾರವೇ ಕ್ಲಬ್ಬಿನ ಅಭ್ಯಾಸ ಪಂದ್ಯವಿದೆಯೆಂದು ಶುಕ್ರವಾರ ತಿಳಿಯಿತು. ರಜೆ ಕೇಳಿದಳು. ಡ್ರಾಗಾನಾ ರೇಗಲಿಲ್ಲ. "ಮೊನ್ನೆ ಬಂದವಳು ಇವತ್ತು ರಜೆ ಕೇಳುತ್ತೀಯಾ? ಎಲ್ಲಿರಬೇಕೆಂದು ನೀನೇ ತೀರ್ಮಾನಿಸು," ಎಂದಳಷ್ಟೆ. ವೆಲಿಟಾ ತೀರ್ಮಾನಿಸಿದಳು.

ಅಲ್ಲಿಯವರೆಗೂ ಎಲ್ಲವನ್ನೂ ಕ್ಷಮಿಸಬಹುದಿತ್ತು. ಹಾಜಿಯವರಿಗೆ ಒಂದು ಫೋನ್ ಮಾಡಿ, ಬರಲಾಗುವುದಿಲ್ಲ, ಹುಡುಗಿಯನ್ನು ನೀವೇ ಕಳಿಸಿಕೊಡಿ ಎಂದಿದ್ದರೆ ಮುಗಿಯುತ್ತಿತ್ತು. ಶನಿವಾರವಿಡೀ ಅವಳು ಫೋನನ್ನು ಕೈಗೆತ್ತಿಕೊಳ್ಳುವುದು, ಕೆಳಗಿಡುವುದು, ಇದನ್ನೇ ಮಾಡಿದಳು. ಗಡಿಯಾರ ನೋಡಿದ್ದಿಲ್ಲ ಎಂದು ಊರೆದುರು ಹೇಳಿದ ಮನುಷ್ಯನಿಗೆ ಏನೆಂದು ಹೇಳುವುದು? ಮುಖ್ಯ ಕೋಚ್‌ಗೆ ಒಂದು ದಿನದ ರಜೆಯೂ ಸಿಗುವುದಿಲ್ಲವೇ ಎಂದು ಕೇಳಿದರೆ? ಭಾನುವಾರ ಬೆಳಿಗ್ಗೆ ತಂಡದ ಗ್ರೂಪಿನಲ್ಲಿ 'ಆಲ್ ದಿ ಬೆಸ್ಟ್ ಗರ್ಲ್ಸ್' ಎಂದು ಬರೆದು, ಮುಗಿದ ಕೈಗಳ ಚಿತ್ರ ಹಾಕಿ, ಫೋನನ್ನು ಲಾಕರಿನಲ್ಲಿಟ್ಟು ಬೀಗ ಹಾಕಿದಳು.

ಸಂಜೆ ತೆರೆದಾಗ ನಾಫಿಯಾಳ ಕರೆಗಳು ಸಾಲಾಗಿ ಬಿದ್ದಿದ್ದವು. ಕೆಳಗೆ ಜಸೀನಾಳ ಸಂದೇಶ: 'ಸೋತೆವು ಕೋಚ್. ನಾಫಿ ಬರಲೇ ಇಲ್ಲ.' ವೆಲಿಟಾ ಲಾಕರಿನ ಎದುರು ಬೆಂಚಿನ ಮೇಲೆ ಕೂತುಬಿಟ್ಟಳು. ಜರ್ಸಿ ತೊಟ್ಟು, ಸ್ಕಾರ್ಫ್ ಕಟ್ಟಿ, ಡಬ್ಬಿ ಹಿಡಿದು ನೈಫ್‌ನ ಗಲ್ಲಿಯಲ್ಲಿ ನಿಂತ ಹುಡುಗಿ ಅವಳ ಕಣ್ಣ ಮುಂದೆ ಬಂದಳು. ಆಗಲಾದರೂ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಒಂದು ದಿನ ಮಾಡದ ಫೋನನ್ನು ಎರಡನೇ ದಿನ ಮಾಡುವುದು ಇನ್ನೂ ಕಷ್ಟ. ಒಂದು ತಿಂಗಳಾದ ಮೇಲೆ ಅದು ಆಗುವ ಮಾತೇ ಅಲ್ಲ. ಹಾಜಿಯವರ ಕಡೆಯಿಂದಲೂ ಒಂದು ಮಾತು ಬರಲಿಲ್ಲ. ಸಿಟ್ಟಾಗಿದ್ದಾರೆ ಎಂದುಕೊಂಡಳು, ಸಿಟ್ಟಾಗಬೇಕಾದದ್ದೇ. ವಾರದ ಕೊನೆಗೆ ಮನೆಗೆ ಬಂದಾಗ ನೈಫ್‌ನ ದಾರಿ ತಪ್ಪಿಸಿ ಸುತ್ತು ಹೊಡೆದು ಹೋಗುವುದು ಅವಳಿಗೆ ಅಭ್ಯಾಸವಾಯಿತು.

ಇನ್ನು ಆ ಪ್ರೊಫೆಷನಲ್ ಕೆಲಸದ ವೈಭವ ಕೇಳಿ. ಸಹಾಯಕ ಕೋಚ್‌ಗಳು ಒಟ್ಟು ಮೂವರು, ಇವಳು ಮೂರನೆಯವಳು. ಮೊದಲನೆಯವಳು ಆಟದ ಯೋಜನೆ ನೋಡುತ್ತಿದ್ದಳು, ಎರಡನೆಯವನು ಟ್ಯಾಬ್ಲೆಟ್ಟಿನಲ್ಲಿ ವಿಡಿಯೊ ನೋಡುತ್ತಿದ್ದ. ವೆಲಿಟಾ ನೀರಿನ ಬಾಟಲಿ ನೋಡುತ್ತಿದ್ದಳು. ಟವೆಲು ಮಡಚುವುದು, ಚೆಂಡಿಗೆ ಗಾಳಿ ಹಾಕುವುದು, ಅಭ್ಯಾಸದಲ್ಲಿ ಶೂಟ್ ಮಾಡಿದವರಿಗೆ ಚೆಂಡು ಹೆಕ್ಕಿ ಕೊಡುವುದು, ಆಟದ ಮಧ್ಯೆ ಯಾರಾದರೂ ಬಿದ್ದರೆ ಓಡಿಹೋಗಿ ನೆಲದ ಬೆವರನ್ನು ಮಾಪಿನಿಂದ ಒರೆಸುವುದು. ಯಾರೂ ಅವಳನ್ನು ಕೀಳಾಗಿ ಕಾಣಲಿಲ್ಲ; ಯಾರೂ ಅವಳನ್ನು ಏನನ್ನೂ ಕೇಳಲಿಲ್ಲ, ಅಷ್ಟೇ. ಹಂಚಿಕೊಂಡ ಕೋಣೆಯಲ್ಲಿ ಮಲಗಿ ಅವಳು ಕಾಲೇಜಿನ ಆ ತೊಟ್ಟಿಕ್ಕುವ ಎ.ಸಿ.ಯನ್ನು ನೆನೆಯುತ್ತಿದ್ದಳು. ಅಲ್ಲೂ ಇದೇ ಮಾಪು, ಇದೇ ಕೆಲಸ. ಆದರೆ ಅಲ್ಲಿ ಒರೆಸಿದ ಮೇಲೆ ಅವಳು ಕೂಗಿದ ಹಾಗೆ ಹುಡುಗಿಯರು ಓಡುತ್ತಿದ್ದರು. ಕೆಲಸದಿಂದ ಅವಳಿಗೆ ಅವಮಾನವಾಗಲಿಲ್ಲ. ಆ ಕೆಲಸ ಮಾಡುವಾಗಲೆಲ್ಲ ಹೆಗಲ ಮೇಲೆ ಕೆನೆಬಣ್ಣದ ಶಾಲು ಇದ್ದಂತೆ ಅನಿಸುತ್ತಿತ್ತು, ಅದರಿಂದ ಆಗುತ್ತಿತ್ತು.

ಚಳಿಗಾಲ ಶುರುವಾದಾಗ ಲಿಯೊನೆಲ್ ಫೋನ್ ಮಾಡಿದ. ತಂಡದ ಮೊದಲ ಪಂದ್ಯ ನೋಡಲು ಸಂಘ ಒಂದು ಬಸ್ಸು ಮಾಡಿದೆ, ಬ್ಯಾನರ್ ತಯಾರಾಗಿದೆ!

"ಬೇಡ ಅಂಕಲ್. ಅಷ್ಟು ದೂರ ಯಾಕೆ ಎಲ್ಲರಿಗೂ ತೊಂದರೆ..."

"ತೊಂದರೆ ಎಂತದ್ದು! ಬಿರಿಯಾನಿ ಕೂಡ ಬಸ್ಸಲ್ಲೇ ಬರ್ತದೆ."

ಆ ದಿನ ಮೇಲಿನ ಸಾಲಿನಲ್ಲಿ ನಮ್ಮವರೇ. ಬ್ಯಾನರಿನಲ್ಲಿ ವೆಲಿಟಾಳ ಮುಖ ಮನೆಯ ಬಾಗಿಲಿನಷ್ಟು ದೊಡ್ಡದಾಗಿತ್ತು, ಕೆಳಗೆ 'ನಮ್ಮ ಮುಖ್ಯ ಕೋಚ್'. ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೆ ಒಬ್ಬಳು ಆಟಗಾರ್ತಿ ಜಾರಿ ಬಿದ್ದಳು, ಸರಿಯಾಗಿ ಬ್ಯಾನರಿನ ಕೆಳಗೆ. ವೆಲಿಟಾ ಮಾಪ್ ಹಿಡಿದು ಓಡಿದಳು. ತಲೆಯೆತ್ತದೆ ಒರೆಸಿದಳು. ತನ್ನದೇ ದೊಡ್ಡ ಮುಖ ತಲೆಯ ಮೇಲಿಂದ ನಗುತ್ತಿತ್ತು. ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದಳು. ಮೇಲಿನಿಂದ ಯಾರೂ ನಗಲಿಲ್ಲ, ಚಪ್ಪಾಳೆ ಬಿತ್ತು.

"ನೋಡಿ, ನೋಡಿ! ಮುಖ್ಯ ಕೋಚ್ ಆದ್ರೂ ಕೈಯಾರೆ ನೆಲ ಒರೆಸ್ತಾರೆ! ಎಂಥಾ ಸರಳತೆ ಮಾರಾಯ್ರೆ!" ಎಂದು ಲಿಯೊನೆಲ್ ಪಕ್ಕದವರಿಗೆ ವಿವರಿಸುವುದು ಕೆಳಗಿನವರೆಗೂ ಕೇಳಿತು.

ಅವಳು ಮಾಪ್ ಹಿಡಿದು ಓಡಿದಾಗಲೆಲ್ಲ ಚಪ್ಪಾಳೆ. ಡ್ರಾಗಾನಾ ಒಮ್ಮೆ ಮೇಲೆ ನೋಡಿ, ಬ್ಯಾನರಿನ ಮುಖ ನೋಡಿ, ಇವಳನ್ನು ನೋಡಿ ಹುಬ್ಬೇರಿಸಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಈ ಹೊಗಳಿಕೆಯನ್ನು ತಡೆದುಕೊಳ್ಳುವುದು ಹೇಗೆಂದು ವೆಲಿಟಾಳಿಗೆ ತಿಳಿಯಲಿಲ್ಲ.

ಪಂದ್ಯ ಮುಗಿದ ಮೇಲೆ ಬಸ್ಸಿನವರೆಲ್ಲ ಕೋರ್ಟಿನ ಅಂಚಿಗೆ ಇಳಿದು ಬಂದರು. ಲಿಯೊನೆಲ್ ಚೀಲದಿಂದ ಒಂದು ಶಾಲು ತೆಗೆದ. ನಮ್ಮ ಸಂಘದವರು ಶಾಲಿಲ್ಲದೆ ಮನೆಯ ಹೊಸ್ತಿಲು ದಾಟುವುದಿಲ್ಲ. "ಹೊದಿಸ್ಲಿಕ್ಕೆ ಹಾಜಿಯವರೇ ಬರ್ಬೇಕು," ಎಂದು ಕೂಗಿದ. ಗುಂಪಿನ ಹಿಂದಿನಿಂದ ಅಲಿಕುಂಞಿ ಹಾಜಿ ಮುಂದೆ ಬಂದರು. ಅವರು ಬಸ್ಸಿನಲ್ಲಿ ಬಂದವರಲ್ಲ, ತಮ್ಮ ಕಾರಿನಲ್ಲಿ ಬಂದಿದ್ದರು. ಜೊತೆಗೆ ಹೆಂಡತಿ ಆಮಿನ, ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಅದೇ ಡಬ್ಬಿ. ಅವಳ ಹಿಂದೆ ನಾಫಿಯಾ. ಹುಡುಗಿ ಸೊರಗಿ ಹೋಗಿದ್ದಳು.

ಹಾಜಿಯವರು ಶಾಲನ್ನು ತೆಗೆದುಕೊಂಡರು, ಆದರೆ ಬಿಡಿಸಲಿಲ್ಲ.

"ಇದು ಆಮೇಲೆ. ಮೊದಲು ನಂಗೆ ಟೀಚರ ಹತ್ರ ಒಂದು ಮಾತು ಉಂಟು," ಎಂದರು. ಅವರ ದನಿ ಕುಗ್ಗಿತ್ತು. "ಟೀಚರ್, ಇಷ್ಟು ದಿನ ನಿಮಗೆ ಫೋನ್ ಮಾಡ್ಲಿಕ್ಕೆ ನಂಗೆ ಮುಖ ಇರ್ಲಿಲ್ಲ. ಆ ಸೆಮಿಫೈನಲ್ ದಿನ ನೀವು ಅಬುಧಾಬಿಯಿಂದ ಅಷ್ಟು ದೂರ ಕಾರು ತಗೊಂಡು ಬಂದು ಕಾದು ಕಾದು ಹೋದ್ರಂತೆ. ಇವಳು ಇಳಿಯುವಾಗ ತಡ ಮಾಡಿದ್ದಂತೆ. ಇವಳೇ ಬಂದು ಹೇಳಿದ್ದು. ಟೀಚರನ್ನು ಬಾಗಿಲಲ್ಲಿ ಕಾಯಿಸುವವರಿಗೆ ಆಟ ಬೇಡ ಅಂತ ನಾನೇ ಬಿಡಿಸಿದ್ದೇನೆ. ಆದ್ರೆ ಇವಳು ಸರಿಯಾಗಿ ಊಟ ಕೂಡ ಮಾಡುದಿಲ್ಲ. ನೀವು ಇಲ್ಲಿ ದೊಡ್ಡವರು, ಕ್ಷಮಿಸಿ ಇವಳನ್ನು ಮತ್ತೆ ನಿಮ್ಮ ಕೈಕೆಳಗೆ ತಗೊಳ್ಳಿ." ಆಮೇಲೆ ಮಗಳ ಕಡೆ ತಿರುಗಿದರು. "ಕೇಳು. ಟೀಚರ ಹತ್ರ ಮಾಫ್ ಕೇಳು."

ಸುತ್ತಲೂ ಜನ ಫೋನು ಎತ್ತಿ ಹಿಡಿದಿದ್ದರು. ನಾಫಿಯಾ ಮುಂದೆ ಬಂದಳು. ಕಣ್ಣೆತ್ತಲಿಲ್ಲ.

"ಸಾರಿ ಕೋಚ್," ಎಂದಳು. "ಐ ಮೇಡ್ ಯು ವೇಟ್."

ವೆಲಿಟಾಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಬಾರದ ಕಾರಿಗಾಗಿ ಗಲ್ಲಿಯಲ್ಲಿ ಕಾದ ಹುಡುಗಿ ಮೇಲೆ ಹೋಗಿ, ಕೋಚ್ ಬರಲಿಲ್ಲ ಎಂದು ಅಪ್ಪನಿಗೆ ಹೇಳಿರಲಿಲ್ಲ. ಆ ಶಾಲು ಹೊದಿಸಿದ, ಗಡಿಯಾರ ನೋಡದ ಅಪ್ಪನ ಕಣ್ಣಿಗೆ ಕೋಚ್ ಚಿಕ್ಕವಳಾಗಿ ಕಾಣಬಾರದೆಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದಳು. ಅದಕ್ಕಾಗಿ ಆಟ ಬಿಟ್ಟಿದ್ದಳು. ಈಗ ಇಷ್ಟು ಜನರ ಮುಂದೆ ಕ್ಷಮೆ ಕೂಡ ಕೇಳುತ್ತಿದ್ದಳು. ವೆಲಿಟಾ ಸುಮ್ಮನೆ ತಲೆಯಾಡಿಸಿದರೆ ಸಾಕಿತ್ತು. ಶಾಲು ಬೀಳುತ್ತಿತ್ತು, ಫೋಟೋ ಆಗುತ್ತಿತ್ತು, ಬಸ್ಸು ಹೊರಡುತ್ತಿತ್ತು. ಹಾಗೆ ತಲೆಯಾಡಿಸುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕತ್ತು ಒಂದಿಷ್ಟು ಬಾಗಿತು ಕೂಡ.

"ಇಲ್ಲ," ಎಂದಳು. ಬಾಗಿದ ಕತ್ತನ್ನು ಎತ್ತಿದಳು. ಮತ್ತೆ ಹೇಳಿದಳು. "ಇಲ್ಲ ಹಾಜಿಯವರೇ. ಆ ದಿನ ನಾನು ಬರ್ಲೇ ಇಲ್ಲ."

"ಟೀಚರ್?"

"ನಾನು ಇಲ್ಲೇ ಇದ್ದೆ. ಬರುದಿಲ್ಲ ಅಂತ ನಂಗೆ ಎರಡು ದಿನ ಮೊದಲೇ ಗೊತ್ತಿತ್ತು. ನಿಮಗೆ ಫೋನ್ ಮಾಡ್ಲಿಲ್ಲ. ಇವಳು ಮಾಡಿದ್ದನ್ನು ಎತ್ತಲಿಲ್ಲ. ಇವಳು ನನ್ನ ಮರ್ಯಾದೆ ಉಳಿಸ್ಲಿಕ್ಕೆ ಸುಳ್ಳು ಹೇಳಿದ್ದು. ತಪ್ಪು ಇವಳದ್ದು ಒಂದು ಚೂರೂ ಇಲ್ಲ." ಕೈಯಲ್ಲಿದ್ದ ಮಾಪಿನ ಕೋಲನ್ನು ಅವಳು ಬಿಗಿಯಾಗಿ ಹಿಡಿದಿದ್ದಳು. "ನಾನು ಇಲ್ಲಿ ಮುಖ್ಯ ಕೋಚೂ ಅಲ್ಲ. ಯಾವತ್ತೂ ಆಗಿರ್ಲಿಲ್ಲ. ಮೂರನೇ ಸಹಾಯಕಿ. ನೀರು ಕೊಡ್ತೇನೆ, ನೆಲ ಒರೆಸ್ತೇನೆ. ಅದು ಸರಳತೆ ಅಲ್ಲ, ಅದೇ ನನ್ನ ಕೆಲಸ."

"ಬಾಯೆ, ಇದೆಲ್ಲ ಈಗ ಯಾಕೆ," ಎಂದು ಲಿಯೊನೆಲ್ ನಗಲು ನೋಡಿದ. ನಗು ಬರಲಿಲ್ಲ. ಒಂದೊಂದೇ ಫೋನು ಕೆಳಗಿಳಿಯಿತು. ಹಿಂದಿನ ಸಾಲಿನವರಿಗೆ ಇದ್ದಕ್ಕಿದ್ದಂತೆ ಬಸ್ಸಿನ ನೆನಪಾಯಿತು.

ಅಲಿಕುಂಞಿ ಹಾಜಿ ಸಡಿಲವಾಗಿದ್ದ ಶಾಲನ್ನು ಮಡಿಕೆಯ ಗೆರೆಯ ಮೇಲೆಯೇ ಬೆರಳಾಡಿಸಿ, ಅಂಗಡಿಯಲ್ಲಿ ಗಿರಾಕಿ ಬೇಡವೆಂದ ಬಟ್ಟೆಯನ್ನು ಮಡಚುವಂತೆ ನಿಧಾನವಾಗಿ ಮಡಚಿ ಲಿಯೊನೆಲ್‌ನ ಕೈಗೆ ಕೊಟ್ಟರು. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟು ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ವೆಲಿಟಾಳಿಗೆ ಕೇಳಿದ್ದು 'ಮೋಳೇ', ಮಗಳೇ, ಎಂಬ ಮಾತು ಮಾತ್ರ. ನಾಫಿಯಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.

"ಟೀಚರ್," ಎಂದರು ಹಾಜಿಯವರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. "ಆ ದಿನ ನಾನು ಮನೆಯಲ್ಲೇ ಇದ್ದೆ. ನೀವು ಒಂದು ಫೋನ್ ಮಾಡಿದ್ರೆ ನಾನೇ ಕರ್ಕೊಂಡು ಹೋಗ್ತಿದ್ದೆ."

ಹಾಜಿಯವರು ಕಾರಿನ ಕೀಲಿಯನ್ನು ಕೈಗೆ ತೆಗೆದುಕೊಂಡರು.

"ನಾಳೆಯಿಂದ ಕಾಲೇಜಿಗೆ ಇವಳನ್ನು ನಾನೇ ಬಿಡ್ತೇನೆ. ಹೊಸ ಕೋಚ್ ಇದ್ದಾರಲ್ವಾ, ಅವ್ರು ಕಲಿಸ್ಲಿ. ಯಲ್ಲಾ, ಹೋಗುವಾ."

ನಾಫಿಯಾ ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. ಒಮ್ಮೆ ವೆಲಿಟಾಳನ್ನು ನೋಡಿ ಮತ್ತೆ ಮುಂದೆ ಹೊರಟಳು. ಅಪ್ಪನ ಪಕ್ಕದಲ್ಲಿ ನಡೆಯುವಾಗ ಅವಳ ಬಲಗೈ ತನಗೆ ತಿಳಿಯದೆಯೇ ಚೆಂಡು ಪುಟಿಸುವ ಹಾಗೆ ಆಡುತ್ತಿತ್ತು. ವೆಲಿಟಾ ಅದನ್ನು ನೋಡಿದಳು. ಹುಡುಗಿಗೆ ಆಟ ಸಿಕ್ಕಿತು, ತಾನಿಲ್ಲದೆಯೇ ಸಿಕ್ಕಿತು. ಸಂತೋಷವಾಗಬೇಕಿತ್ತು. ಆಯಿತು ಕೂಡ, ಅದರ ಜೊತೆಗೆ ಅಳುವೂ ಬಂತು.

ಆಮಿನ ಮಾತ್ರ ಇನ್ನೂ ನಿಂತಿದ್ದಳು. ಡಬ್ಬಿ ಅವಳ ಕೈಯಲ್ಲೇ ಇತ್ತು. ಗಂಡನ ಬೆನ್ನು ನೋಡಿದಳು, ವೆಲಿಟಾಳ ಮುಖ ನೋಡಿದಳು. ಕೊನೆಗೆ ಟವೆಲು ಸಮೇತ ಡಬ್ಬಿಯನ್ನು ಬೆಂಚಿನ ಮೇಲಿಟ್ಟು, "ಬೆಳಿಗ್ಗೆ ನಿಮಗೆ ಅಂತಲೇ ಮಾಡಿದ್ದು ಟೀಚರ್," ಎಂದು ಹೇಳಿ ಬೇಗ ಬೇಗ ಹೊರಟುಹೋದಳು.

ಬಸ್ಸು ಹೊರಟ ಸದ್ದು ಕೇಳಿತು. ಅವಸರದಲ್ಲಿ ಯಾರೋ ಅರ್ಧ ಬಿಚ್ಚಿ ಬಿಟ್ಟುಹೋದ ಬ್ಯಾನರಿನ ಒಂದು ತುದಿ ಕೆಳಗೆ ಜೋತು ಬಿದ್ದಿತ್ತು. ವೆಲಿಟಾ ಕೋರ್ಟನ್ನು ಪೂರ್ತಿ ಒರೆಸಿ, ಬಾಟಲಿಗಳನ್ನು ಬುಟ್ಟಿಗೆ ತುಂಬಿ, ಆಮೇಲೆ ಬೆಂಚಿನ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆದಳು. ಪತ್ತಿರ್ ಇನ್ನೂ ಮೆತ್ತಗಿತ್ತು. ತಿನ್ನಲಾಗಲಿಲ್ಲ, ತಿನ್ನದಿರಲೂ ಆಗಲಿಲ್ಲ. ಒಂದನ್ನು ಮುರಿದು ಬಾಯಿಗಿಟ್ಟುಕೊಂಡಳು. ಡಬ್ಬಿಯನ್ನು ತೊಳೆದು ನೈಫ್‌ಗೆ ಹೋಗಿ ಆ ಮೆಟ್ಟಿಲು ಹತ್ತಿ ಕೊಟ್ಟು ಬರಲೇಬೇಕು, ಬೇರೆಯವರ ಕೈಯಲ್ಲಿ ಕಳಿಸುವಂತಿಲ್ಲ. ಬರಿದಾಗಿ ಕೊಡುವಂತೆಯೂ ಇಲ್ಲ. ಅದರಲ್ಲಿ ಏನು ಹಾಕಿ ಕೊಡಬೇಕೆಂದು ಅವಳಿಗೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ.